ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು: ಯಾರು ಎಡಕ್ಕೆ, ಯಾರು ಬಲಕ್ಕೆ?

ಮೈಸೂರಿನ ಕುವೆಂಪುನಗರದ ಒಂದು ಮನೆಯ ಮುಂದೆ ಭಾನುವಾರ ಬೆಳಿಗ್ಗೆ ಸಣ್ಣ ಹ್ಯಾಚ್‌ಬ್ಯಾಕ್ ಕಾರೊಂದರ ನಾಲ್ಕೂ ಬಾಗಿಲು ತೆರೆದಿದ್ದವು. ಎಂಟು ತಿಂಗಳ ಕೂಸಿಗೊಂದು, ನಾಲ್ಕು ವರ್ಷದ ಅಣ್ಣನಿಗೊಂದು ಮಕ್ಕಳ ಸೀಟು ಕೂರಿಸುವ ಕೆಲಸ. ಮನೆಯವರು ಮುಂದಿನ ವಾರ ಬೆಂಗಳೂರಿಗೆ ಹೊರಡುವವರಿದ್ದರು.

"ಕೂಸನ್ನ ತೊಡೆ ಮೇಲೆ ಕೂರಿಸ್ಕೋತೀನಿ ಬಿಡಪ್ಪ, ಅದಕ್ಯಾಕೆ ಇಷ್ಟು ರಗಳೆ" ಅಂದರು ಅಜ್ಜಿ. ಅಕ್ಕರೆಯ ಮಾತೇ ಹೌದು, ಆದರೆ ತೋಳಿಗೆ ಆ ಶಕ್ತಿ ಇಲ್ಲ. 50 ಕಿ.ಮೀ. ವೇಗದ ಕಾರು ಅಪ್ಪಳಿಸಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, 8 ಕೆ.ಜಿ. ತೂಕದ ಕೂಸನ್ನು ಹಿಡಿದಿಡಲು 110 ಕೆ.ಜಿ. ಎತ್ತುವಷ್ಟು ಬಲ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100 ಕಿ.ಮೀ. ಮಿತಿ ಇದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಉಂಟು. ದಂಡಕ್ಕೆ ಹೆದರಿ ಮಾಡುವ ಕೆಲಸವಲ್ಲ ಇದು, ಬಿಡಿ.

ಪಟ್ಟಿ ಎಳೆಯುವುದಕ್ಕೆ ಮೊದಲು ತೀರ್ಮಾನವಾಗಬೇಕಾದ್ದು ಜಾಗ. ಕೂಸಿನ ಸೀಟು ಹಿಮ್ಮುಖವಾಗಿಯೇ ಇರಬೇಕು, ಅಂದರೆ ಕೂಸಿನ ಮುಖ ಕಾರಿನ ಹಿಂಬದಿಗೆ. ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ, ಕತ್ತಿನ ಮೂಳೆ ಇನ್ನೂ ಬಲಿತಿರುವುದಿಲ್ಲ. ಹಿಮ್ಮುಖ ಕೂತಾಗ ಹೊಡೆತವನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ಈಗಿನ ಯುರೋಪಿನ ಮಾನದಂಡದಂತೆ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ. ಸೀಟಿನ ಮಿತಿ ಅನುಮತಿಸಿದರೆ ಅದಕ್ಕಿಂತ ಹೆಚ್ಚು ಕಾಲ ಇಟ್ಟಷ್ಟೂ ಒಳ್ಳೆಯದು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಂತೂ ಹಿಮ್ಮುಖ ಸೀಟು ಇಡಲೇಬಾರದು. ಬ್ಯಾಗು ಸಿಡಿದು ಬಡಿಯುವುದು ನೇರವಾಗಿ ಕೂಸಿನ ತಲೆಯ ಹಿಂದಿರುವ ಸೀಟಿನ ಚಿಪ್ಪಿಗೆ.

ಮೊದಲು ಕೂಸನ್ನು ಚಾಲಕನ ಹಿಂದೆ, ಬಲಕ್ಕೆ ಇಡುವ ಯೋಚನೆಯಾಯಿತು. ಅದಕ್ಕೆ ಕಾರಣವಿತ್ತು. ನಮ್ಮಲ್ಲಿ ಎಡಕ್ಕೆ ಫುಟ್‌ಪಾತು. ಸ್ವಂತ ಕಾಲಲ್ಲಿ ಇಳಿಯುವ ದೊಡ್ಡವನು ಎಡಗಡೆ ಇದ್ದರೆ ಬೈಕು, ಆಟೋ ಬರುವ ಕಡೆಗೆ ಕಾಲಿಡುವುದಿಲ್ಲ. ಆದರೆ ಹಿಮ್ಮುಖ ಸೀಟು ಒರಗಿ ಕೂರುವುದರಿಂದ ಉದ್ದಕ್ಕೆ ಜಾಗ ಕೇಳುತ್ತದೆ. ಅದನ್ನು ಇಟ್ಟು ಚಾಲಕನ ಸೀಟು ಮುಂದೆ ತಳ್ಳಿದಾಗ, ಎತ್ತರದ ಆಳಾದ ತಂದೆಯ ಎದೆಗೂ ಸ್ಟೀರಿಂಗ್ ನಡುಭಾಗಕ್ಕೂ ಒಂದು ಗೇಣೂ ಉಳಿಯಲಿಲ್ಲ. ಕನಿಷ್ಠ 25 ಸೆಂ.ಮೀ. ಇರಬೇಕು, ಇಲ್ಲದಿದ್ದರೆ ಏರ್‌ಬ್ಯಾಗೇ ಗಾಯ ಮಾಡುತ್ತದೆ. ಹಾಗಾಗಿ ಕೂಸು ಎಡಕ್ಕೆ, ಅಣ್ಣ ಬಲಕ್ಕೆ. ಮುಂದೆ ಎಡಗಡೆ ಕೂರುವ ತಾಯಿ ಗಿಡ್ಡ, ಸೀಟು ಸ್ವಲ್ಪ ಮುಂದೆ ಬಂದರೂ ಡ್ಯಾಶ್‌ಬೋರ್ಡಿಗೆ ಸಾಕಷ್ಟು ದೂರ ಉಳಿಯಿತು. ಬಲ ಹಿಂಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿಯಾಯಿತು. ಇನ್ನು ಹುಡುಗನನ್ನು ಇಳಿಸುವುದು ದೊಡ್ಡವರೇ, ಅದೂ ಮುಖ್ಯರಸ್ತೆಯಲ್ಲಲ್ಲ, ಕ್ರಾಸಿನೊಳಗೆ ನಿಲ್ಲಿಸಿ.

ಬಲಗಡೆಯ ಸೀಟಿಗೆ ಐಸೋಫಿಕ್ಸ್ ಇತ್ತು, ಅಂದರೆ ಕಾರಿನ ಬೆಲ್ಟಿನ ಬದಲು ಕಾರಿನಲ್ಲೇ ಇರುವ ಕಂಬಿಗಳಿಗೆ ಸಿಕ್ಕಿಸುವ ಕೊಂಡಿಗಳು. ಕಾರಿನಲ್ಲಿ ಅದರ ಕಂಬಿಗಳೇ ಕಾಣಲಿಲ್ಲ! ಅಂಗಡಿಯಲ್ಲಿ ಹಾಕಿಸಿದ ದಪ್ಪ ಲೆದರೆಟ್ ಸೀಟ್ ಕವರ್ ಅವನ್ನು ಪೂರ್ತಿ ಮುಚ್ಚಿತ್ತು. ನಮ್ಮೂರಿನ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಕೂರುವ ದಿಂಬು ಮತ್ತು ಬೆನ್ನಿನ ದಿಂಬು ಸೇರುವ ಸಂದಿಯಲ್ಲಿ 28 ಸೆಂ.ಮೀ. ಅಂತರದಲ್ಲಿ 6 ಮಿ.ಮೀ. ದಪ್ಪದ ಎರಡು ಉಕ್ಕಿನ ಕಂಬಿ ಇರುತ್ತವೆ. ಕವರ್ ಹರಿದು ತೂತು ಮಾಡುವುದಕ್ಕಿಂತ ಹಿಂದಿನ ಸೀಟಿನ ಕವರನ್ನೇ ತೆಗೆದುಬಿಡುವುದು ಲೇಸು. ಅದರ ಸ್ಪಂಜು ಅದುಮಿಕೊಂಡು ಜಾರಿದರೆ ಎಷ್ಟು ಬಿಗಿದರೂ ಮತ್ತೆ ಸಡಿಲವೇ. ಎರಡೂ ಕೊಂಡಿ ಟಕ್ಕೆಂದು ಕೂತು ಹಸಿರು ಗುರುತು ತೋರಿಸಬೇಕು. ಒಂದೇ ಹಸಿರಾದರೆ ತೆಗೆದು ಮತ್ತೆ ಹಾಕಬೇಕು.

ಆಮೇಲೆ ಮೇಲಿನ ಪಟ್ಟಿ, ಟಾಪ್ ಟೆದರ್. ಅಪಘಾತದಲ್ಲಿ ಸೀಟಿನ ತಲೆಭಾಗ ಮುಂದಕ್ಕೆ ಮಗುಚದಂತೆ ತಡೆಯುವುದು ಇದೇ. ಜನ ಇದನ್ನು ಡಿಕ್ಕಿಯಲ್ಲಿ ಲಗೇಜು ಕಟ್ಟುವ ಕೊಕ್ಕೆಗೆ ಸಿಕ್ಕಿಸಿಬಿಡುತ್ತಾರೆ. ಆ ಕೊಕ್ಕೆ ಅಷ್ಟು ಬಲ ತಡೆಯುವುದಿಲ್ಲ. ಈ ಕಾರಿನಲ್ಲಿ ಸರಿಯಾದ ಜಾಗ ಹಿಂದಿನ ಸೀಟಿನ ಬೆನ್ನ ಹಿಂಬದಿಯಲ್ಲಿ, ಕಾರ್ಪೆಟ್ಟಿನ ಸೀಳಿನೊಳಗೆ, ಲಂಗರಿನ ಚಿಹ್ನೆಯ ಪಕ್ಕದಲ್ಲಿತ್ತು. ಕಾರಿನ ಹೆಡ್‌ರೆಸ್ಟ್ ಮಕ್ಕಳ ಸೀಟನ್ನು ಮುಂದಕ್ಕೆ ದೂಡುತ್ತಿದ್ದರೆ ಅದನ್ನು ಎತ್ತರಿಸಿ ಪಟ್ಟಿಯನ್ನು ಅದರ ಎರಡು ಕಂಬಿಗಳ ನಡುವೆ ಹಾಯಿಸಬೇಕು.

ಕೂಸಿನ ಸೀಟು ಕಾರಿನ ಬೆಲ್ಟಿನಿಂದಲೇ ಕಟ್ಟುವಂಥದ್ದು. ಅದರಲ್ಲಿ ಬೆಲ್ಟಿನ ದಾರಿಗೆ ನೀಲಿ ಗುರುತು ಹಿಮ್ಮುಖಕ್ಕೆ, ಕೆಂಪು ಮುಮ್ಮುಖಕ್ಕೆ. ಹಿಮ್ಮುಖ, ಮುಮ್ಮುಖ ಎರಡಕ್ಕೂ ಬಳಸುವ ಸೀಟುಗಳಲ್ಲಿ ತಪ್ಪು ದಾರಿಯಲ್ಲಿ ಬೆಲ್ಟ್ ಹಾಯಿಸುವುದು ಸಾಮಾನ್ಯ ಎಡವಟ್ಟು. ಬೆಲ್ಟ್ ತಿರುಚಿರಬಾರದು. ಕೂಸು ಕೂರುವ ಜಾಗವನ್ನು ಕೈಯಿಂದ ಬಲವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬೆಲ್ಟ್ ಎಳೆದು, ಸೀಟಿನ ಮೇಲಿರುವ ಕ್ಲಿಪ್ಪಿನಿಂದ ಬಂಧಿಸಬೇಕು. ನಮ್ಮ ಬಹುತೇಕ ಕಾರುಗಳ ಬೆಲ್ಟು ಜೋರಾಗಿ ಜಗ್ಗಿದಾಗ ಮಾತ್ರ ಬಿಗಿಯುತ್ತದೆ, ತಾನಾಗಿ ಬಿಗಿದೇ ಇರುವುದಿಲ್ಲ. ಬಕಲು ಸೀಟಿನ ಗಟ್ಟಿ ಅಂಚಿನ ಮೇಲೆ ಅಡ್ಡಬಿದ್ದಿದೆಯೇ ಎಂದೂ ನೋಡಬೇಕು. ಅಂಚಿಗೆ ಒತ್ತಿ ಬಾಗಿದರೆ ಹೊಡೆತಕ್ಕೆ ಮುರಿಯಬಹುದು. ಕೊನೆಗೆ ಬೆಲ್ಟ್ ಹಾದ ಜಾಗದಲ್ಲೇ ಸೀಟು ಹಿಡಿದು ಅಲ್ಲಾಡಿಸಿದಾಗ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಒರಗುವ ಕೋನವನ್ನು ಸೀಟಿನ ಪಕ್ಕದ ಗೆರೆ ನೆಲಕ್ಕೆ ಸಮವಾಗುವಂತೆ ಹೊಂದಿಸಲಾಯಿತು. ತೀರಾ ನೆಟ್ಟಗಾದರೆ ನಿದ್ದೆ ಬಂದಾಗ ಗದ್ದ ಎದೆಗೆ ಬಿದ್ದು ಉಸಿರಿಗೆ ತೊಂದರೆ.

ಮಕ್ಕಳಿಗೆ ಪಟ್ಟಿ ಹಾಕುವಾಗ ಕೂಸಿಗೆ ಅದು ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನಿಂದ, ಅಣ್ಣನಿಗೆ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿನಿಂದ ಬರಬೇಕು. ಭುಜದ ಮೇಲೆ ಪಟ್ಟಿಯನ್ನು ಬೆರಳಲ್ಲಿ ಚಿವುಟಲು ಆಗಬಾರದು. ಸ್ವೆಟರ್, ದಪ್ಪ ದುಪ್ಪಟಿ ಪಟ್ಟಿಯ ಒಳಗೆ ಬೇಡ. ಚಳಿಯಿದ್ದರೆ ಪಟ್ಟಿ ಬಿಗಿದ ಮೇಲೆ ಹೊದಿಸಿ.

ಅಜ್ಜಿಗೆ ಜಾಗ? ಎರಡು ಸೀಟುಗಳ ನಡುವೆ ಉಳಿದದ್ದು ಸುಮಾರು 40 ಸೆಂ.ಮೀ., ನಡುವಿನ ಬಕಲು ಸೀಟಿನಡಿ ಹೂತುಹೋಗಿತ್ತು. ಬೆಲ್ಟ್ ಹಾಕಲಾಗದ ಕಡೆ ಯಾರೂ ಕೂರುವಂತಿಲ್ಲ. ಎರಡು ಮಕ್ಕಳ ಸೀಟು ಬಂದ ಮೇಲೆ ಇಂಥ ಕಾರು ನಾಲ್ಕೇ ಜನರದ್ದು. ಅಜ್ಜಿ ರೈಲಿನಲ್ಲಿ ಬರುವುದೆಂದಾಯಿತು. ಮೈಸೂರು–ಬೆಂಗಳೂರಿಗೆ ರೈಲಿಗೇನೂ ಕೊರತೆಯಿಲ್ಲ.

ಹೊರವರ್ತುಲ ರಸ್ತೆಯಲ್ಲಿ ಹಂಪುಗಳ ಮೇಲೆ ಒಂದು ಸುತ್ತು ಹೋಗಿಬಂದಾಗ ಕೂಸಿನ ಸೀಟಿನ ಬೆಲ್ಟು ಕೊಂಚ ಸಡಿಲವಾಗಿತ್ತು. ಕಾರಿನ ದಿಂಬು ಅದುಮಿಕೊಳ್ಳುವುದರಿಂದ ಹೀಗಾಗುವುದು ಸಹಜ. ಮತ್ತೆ ಬಿಗಿಯಲಾಯಿತು. ದೊಡ್ಡವನು ಈಗ 16 ಕೆ.ಜಿ. ಇದ್ದಾನೆ, ಅವನ ಸೀಟಿನ ಮಿತಿ 18. ಆಮೇಲೆ ಬೂಸ್ಟರ್ (ಕಾರಿನ ಬೆಲ್ಟ್ ಸರಿಯಾಗಿ ಬರುವಂತೆ ಮಗುವನ್ನು ಎತ್ತರಕ್ಕೆ ಕೂರಿಸುವ ಸೀಟು) ಬೇಕಾಗುತ್ತದೆ, ಅದನ್ನು ಸೊಂಟಕ್ಕೂ ಭುಜಕ್ಕೂ ಬರುವ ಬೆಲ್ಟಿನ ಜೊತೆ ಮಾತ್ರ ಬಳಸಬೇಕು.