ಅತ್ತೆಯನ್ನು ಅಗತ್ತಿಗೆ ಕರೆದುಕೊಂಡು ಹೋದದ್ದು

"ಅಲ್ಲಿಯೂ ತೆಂಗಿನ ಮರವೇ ಅಲ್ವಾ? ಮತ್ತೆ ಎಂತ ನೋಡ್ಲಿಕ್ಕೆ ಹೋಗುವುದು?"

ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ಹೋಗುವ ಮಾತು ತೆಗೆದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ ಇದು. ಬದಿಯಡ್ಕದ ಹತ್ತಿರ ನಮ್ಮ ಮನೆ. ಸುತ್ತ ಅಡಿಕೆ, ತೆಂಗು, ಬಾಳೆ. ಅರ್ಧ ಗಂಟೆ ಹೋದರೆ ಕುಂಬಳೆಯ ಕಡಲು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನನಗಿದ್ದ ಆಸೆ ಒಂದೇ. ಈ ಹೆಂಗಸು ಮೂರು ದಿನ ಸುಮ್ನೆ ಕೂತುಕೊಳ್ಳುವುದನ್ನು ನೋಡಬೇಕು. ಮದುವೆಯಾಗಿ ಬಂದ 26 ವರ್ಷಗಳಲ್ಲಿ ನಾನು ಅದನ್ನು ನೋಡಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದರೆ ಹಟ್ಟಿ, ಒಲೆ, ದೇವರ ಹೂವು, ಅಂಗಳದ ಅಡಿಕೆ. ರಾತ್ರಿ ಮಲಗುವಾಗಲೂ ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದ್ದೇವಾ ಎಂದು ಕೇಳುತ್ತಾರೆ.

ಎರಡು ವರ್ಷದ ಹಿಂದೆ ನಾನು, ನಮ್ಮವರು, ಮಗಳು ಅಂಡಮಾನಿಗೆ ಹೋಗಿದ್ದೆವು. ಆರು ದಿನದಲ್ಲಿ ನಾಲ್ಕು ದ್ವೀಪ ಎಂದು ಲೆಕ್ಕ ಹಾಕಿದ್ದೆವು. ಕಡಲು ಜೋರಿದ್ದ ಕಾರಣ ಒಂದು ದಿನ ಬೋಟೇ ಬಿಡಲಿಲ್ಲ. ಆ ಒಂದು ದಿನ ಹೋದದ್ದಕ್ಕೆ ಉಳಿದದ್ದೆಲ್ಲ ಓಟವಾಯಿತು. ಸೆಲ್ಯುಲರ್ ಜೈಲಿನ ಮುಂದೆ ನಿಂತು ನಾನು ವಾಚ್ ನೋಡುತ್ತಿದ್ದೆ. ಅಂಥ ಜಾಗದಲ್ಲಿ ಹಾಗೆ ಮಾಡಿದ್ದು ಇವತ್ತಿಗೂ ನೋವು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5 ಗಂಟೆಗೇ ಸೂರ್ಯ ಮುಳುಗುತ್ತದೆ. ನಮ್ಮದೇ ಗಡಿಯಾರ, ಆದರೆ ಊರು ಅಷ್ಟು ಪೂರ್ವಕ್ಕಿದೆ. ಅದು ಗೊತ್ತಿಲ್ಲದೆ ಐದೂವರೆಗೆ ಕಡಲ ತೀರಕ್ಕೆ ತಲುಪಿದೆವು. ಕತ್ತಲೆ.

ಹಾಗಾಗಿ ಈ ಸಲ ಒಂದೇ ದ್ವೀಪ, ಒಂದೇ ಮನೆ, ಮೂರು ರಾತ್ರಿ ಎಂದು ನಿಶ್ಚಯಿಸಿದೆವು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಬಹಳ ಮೊದಲೇ ಅರ್ಜಿ ಹಾಕಿದೆವು. ಅತ್ತೆಯ ಆಧಾರಿನಲ್ಲಿ ಇನಿಶಿಯಲ್ ಹಿಂದೆ, ವೋಟರ್ ಕಾರ್ಡಿನಲ್ಲಿ ಮುಂದೆ. ಕಾಸರಗೋಡಿನ ಕನ್ನಡದವರಿಗೆ ಇದು ಹೊಸತಲ್ಲ. ಒಂದೇ ದಾಖಲೆ ಹಿಡಿದು, ಅದರಲ್ಲಿದ್ದ ಹಾಗೆಯೇ ಟಿಕೆಟಿನಲ್ಲೂ ಹೆಸರು ಬರೆಸಿದೆವು. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ 14ರಿಂದ 20 ಗಂಟೆ. ಅತ್ತೆಗೆ ಅದು ಕಷ್ಟ ಎಂದು ವಿಮಾನವನ್ನೇ ಆರಿಸಿದೆವು. ಅಗತ್ತಿಗೆ ಹೋಗುವುದು ಸಣ್ಣ ವಿಮಾನ, ಸಾಮಾನು ಜಾಸ್ತಿ ಒಯ್ಯುವ ಹಾಗಿಲ್ಲ. ಅಡಿಕೆ ತೂಗುವ ತಕ್ಕಡಿಯಲ್ಲೇ ಬ್ಯಾಗ್ ಇಟ್ಟು ತೂಗಿದೆವು. ಅವಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿ ಸೇರಿ ಅತ್ತೆಯದೇ ಹೆಚ್ಚು ಭಾರ. ತೆಗೆಯಲಿಕ್ಕೆ ಅವರು ಬಿಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನನ್ನ ಎರಡು ಸೀರೆ ಹೊರಗಿಟ್ಟೆ.

ನಿಜವಾದ ತಯಾರಿ ಇದ್ದದ್ದು ಮನೆಯಲ್ಲಿ. ಫೆಬ್ರವರಿಯೆಂದರೆ ಅಂಗಳ ತುಂಬ ಅಡಿಕೆ, ತೋಟಕ್ಕೆ ನೀರು, ಕರೆಯುವ ದನ ಒಂದು. ಇವನ್ನು ಬಿಟ್ಟು ಹೋದರೆ ಅತ್ತೆಯ ಮನಸ್ಸು ಇಲ್ಲಿಯೇ ಇರುತ್ತದೆ. ನಮ್ಮವರು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದರು: ಮೇಲಿನ ತೋಟ ಸೋಮವಾರ 2 ಗಂಟೆ, ಯಾವ ಗೇಟ್‌ವಾಲ್ವ್ ತೆರೆಯಬೇಕು, ಯಾವುದು ಮುಚ್ಚಬೇಕು. ಪಕ್ಕದ ಮನೆಯ ಭಾವ ಒಪ್ಪಿಕೊಂಡರು. ದನಕ್ಕೆ ಭಾವನ ಕೈ ಗುರುತಾಗಲಿ ಎಂದು ಹೊರಡುವ ಮೊದಲಿನ ಒಂದು ವಾರ ಅವರೇ ಬಂದು ಹಾಲು ಕರೆದರು. ಮೊದಲ ದಿನ ಅದು ಕಾಲು ಝಾಡಿಸಿತು. ನಾಲ್ಕನೇ ದಿನ ಸುಮ್ಮನೆ ನಿಂತಿತು. ಅದನ್ನು ನೋಡಿದ ಮೇಲೆಯೇ ಅತ್ತೆ ತಮ್ಮ ಸೀರೆ ಮಡಚಲು ಕೂತದ್ದು. ಭಾವ ಸಂಜೆ ಏಳಕ್ಕೆ ಒಂದು ಸಲ ಫೋನ್ ಮಾಡುವುದು, ಬೇರೆ ಹೊತ್ತಿನಲ್ಲಿ ಇಲ್ಲ ಎಂದು ಮಾತಾಯಿತು.

ಕಾಸರಗೋಡಿನಲ್ಲಿ ರೈಲು ಹತ್ತಿ ಕೊಚ್ಚಿ ಹತ್ತಿರದ ಆಲುವದಲ್ಲಿ ಇಳಿದೆವು. ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಆ ರಾತ್ರಿ ಅಲ್ಲೇ ಉಳಿದೆವು. ಹಿಂದೆ ಬರುವಾಗಲೂ ಒಂದು ದಿನ ಖಾಲಿ ಇಟ್ಟಿದ್ದೆವು, ವಿಮಾನ ತಪ್ಪಿದರೂ ಗಾಬರಿ ಇರಬಾರದೆಂದು.

ರೈಲಿನಲ್ಲಿ ಅತ್ತೆ ತಮ್ಮ ಅಪ್ಪನ ಮಾತು ತೆಗೆದರು. ಮಂಗಳೂರಿನ ಬಂದರಿಗೆ ದ್ವೀಪದಿಂದ ಮಂಜಿಗಳು, ಅಂದರೆ ಹಾಯಿ ಹಡಗುಗಳು, ಹಗ್ಗ, ಕೊಬ್ಬರಿ ತರುತ್ತಿದ್ದವಂತೆ, ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದವಂತೆ. ಅದು ಬರೀ ಕಥೆಯಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳೆಲ್ಲ ಆಗ ದಕ್ಷಿಣ ಕನ್ನಡ ಜಿಲ್ಲೆಯದೇ. ನಮ್ಮ ಕಾಸರಗೋಡೂ ಹಾಗೆಯೇ. 1956ರ ನವೆಂಬರ್ 1ರಂದು ಎರಡೂ ಒಂದೇ ದಿನ ಆ ಜಿಲ್ಲೆಯಿಂದ ಬಿಟ್ಟುಹೋದವು. ಅವು ಕೇಂದ್ರಾಡಳಿತಕ್ಕೆ, ನಾವು ಕೇರಳಕ್ಕೆ. ಅಗತ್ತಿ ಮಾತ್ರ ಮೊದಲೇ ಮಲಬಾರಿನ ಲೆಕ್ಕದಲ್ಲಿತ್ತು. "ಹಾಗಾದ್ರೆ ನೆಂಟರ ಮನೆಯೇ" ಎಂದರು ಅತ್ತೆ. ಅಲ್ಲಿಯವರ ಜೆಸರಿ ಮಲಯಾಳದ್ದೇ ಒಂದು ಬಗೆ. ನಮ್ಮ ಗಡಿನಾಡಿನ ಮಲಯಾಳದಲ್ಲಿ ಅತ್ತೆ, ಅಗತ್ತಿಯಲ್ಲಿ ನಾವು ಉಳಿದ ಮನೆಯ ಒಡತಿಯ ಹತ್ತಿರ ಮೊದಲ ದಿನವೇ ಕೊಬ್ಬರಿಯ ಮಾತು ಶುರು ಮಾಡಿದರು. ತರಕಾರಿ ಹೆಚ್ಚಿನದು ಹಡಗಿನಲ್ಲಿ ಬರಬೇಕು. ಮೀನು ಬೇಡವೆಂದು ಮೊದಲೇ ತಿಳಿಸಿದ್ದರಿಂದ ಅನ್ನ, ಸಾರು, ತೆಂಗಿನಕಾಯಿ ಚಟ್ನಿ ಸಿದ್ಧವಿತ್ತು. ಮಿಡಿ ಉಪ್ಪಿನಕಾಯಿ ಆ ಮನೆಯವರಿಗೂ ಹಿಡಿಸಿತು.

ಮರುದಿನ ಬೆಳಗ್ಗೆ ನಾಲ್ಕೂವರೆಗೆ ಅತ್ತೆ ಎದ್ದು ಕೂತಿದ್ದರು. ಕತ್ತಲೆಯಲ್ಲಿ ಕೈ ಮೆಲ್ಲ ಹಾಸಿಗೆ ಸವರುತ್ತಿತ್ತು. "ಎಂತ ಅತ್ತೆ?" ಎಂದೆ. "ಎಂತ ಮಾಡುವುದು ಅಂತ ಗೊತ್ತಾಗುವುದಿಲ್ಲ" ಎಂದರು. ನನಗೆ ಗಂಟಲು ಕಟ್ಟಿತು.

ಬೆಳಕಾದ ಮೇಲೆ ಪಡುವಣ ದಡಕ್ಕೆ ಕರೆದುಕೊಂಡು ಹೋದೆ. ದೂರದಲ್ಲಿ ಹವಳದ ದಿಬ್ಬಕ್ಕೆ ತಾಗಿ ಅಲೆ ಒಡೆಯುತ್ತದೆ, ಬಿಳಿ ಗೆರೆ ಎಳೆದ ಹಾಗೆ. ಒಳಗಿನ ನೀರು ನಮ್ಮ ಕೆರೆಯ ಹಾಗೆ ನಿಂತಿರುತ್ತದೆ. ಕುಂಬಳೆಯ ಕಡಲಿಗೆ ಹೆದರುವ ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕೂತೇಬಿಟ್ಟರು. ಬೆರಳಷ್ಟು ಉದ್ದದ ನೀಲಿ ಮೀನು ಅವರ ಬಳೆಯ ಸುತ್ತ ಬಂದಿತು. ಹವಳದ ಒಂದು ತುಂಡು ಹೆಕ್ಕಿದರು, ದೇವರ ಮುಂದೆ ಇಡಲಿಕ್ಕೆ. ಒಯ್ಯುವುದು ಕಾನೂನಿಗೆ ವಿರುದ್ಧ ಎಂದೆ. ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು, ತೆಗೆದ ಜಾಗದಲ್ಲೇ ಮೆಲ್ಲ ಇಟ್ಟರು.

ಸಂಜೆ ಏಳಕ್ಕೆ ಭಾವನ ಫೋನ್ ಬಂತು. ಅಡಿಕೆ ಒಣಗುತ್ತಿದೆ, ದನ ಹಾಲು ಕೊಟ್ಟಿದೆ. ಅತ್ತೆ "ಆಯಿತು" ಎಂದಷ್ಟೇ ಹೇಳಿ ಫೋನ್ ನನ್ನ ಕೈಗೆ ಕೊಟ್ಟರು.

ಮೂರನೇ ದಿನ ನನಗೆ ಎಚ್ಚರವಾದಾಗ ಏಳೂವರೆ. ಕಿಟಕಿಯಿಂದ ಬಿಸಿಲು ಅತ್ತೆಯ ಕಾಲಿನ ಮೇಲೆ ಬಿದ್ದಿತ್ತು. ಅವರು ಮಗ್ಗುಲಾಗಿ, ಕೆನ್ನೆಯ ಕೆಳಗೆ ಕೈಯಿಟ್ಟು ಮಲಗಿದ್ದರು. ನಾನು ಕಿಟಕಿಯ ಪರದೆ ಎಳೆದು, ಬಾಗಿಲು ಸದ್ದಾಗದ ಹಾಗೆ ಮುಚ್ಚಿ ಹೊರಗೆ ಬಂದೆ.