ಓಣಿಯ ನಾಯಿಗೆ ಹುಷಾರು ತಪ್ಪಿದರೆ

ಕಂದಿ ನೋಡೋಕೆ ಥೇಟ್ ಬಳ್ಳಾರಿ ನಾಯಿ. ಕಂದು ಮೈ, ಕಪ್ಪು ಮೂತಿ, ಸುರುಳಿ ಬಾಲ. ನಮ್ಮೂರು ಬಳ್ಳಾರಿಯ ಕೌಲ್ ಬಜಾರಿನ ಯಾವ ಓಣಿಯಲ್ಲಿ ಬಿಟ್ಟರೂ ಹೊರಗಿನದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹುಟ್ಟಿದ್ದು ರೊಮೇನಿಯಾದ ಬೀದಿಯಲ್ಲಿ. ಅಲ್ಲಿಂದ ವ್ಯಾನಿನಲ್ಲಿ ಇಂಗ್ಲೆಂಡಿಗೆ ಬಂದಳು. ಕಾಯಂ ಮನೆ ಸಿಗುವ ತನಕ ಇಲ್ಲಿ ನಮ್ಮ ಮನೆಯಲ್ಲಿದ್ದಳು. ಇಲ್ಲಿ ಇದಕ್ಕೆ ಫಾಸ್ಟರಿಂಗ್ ಅಂತಾರೆ.

ಬಂದ ಹೊಸದರಲ್ಲಿ ಸೋಫಾ ಹಿಂದೆ ಸೇರಿಕೊಂಡವಳು ಹೊರಗೇ ಬರಲಿಲ್ಲ. ನಾವು ಎಳೆಯಲಿಲ್ಲ, ಕರೆದು ಪೀಡಿಸಲೂ ಇಲ್ಲ. ಇಂಥ ನಾಯಿಗಳನ್ನು ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ಭಯ ಇಳಿಯೋಕೆ 3 ದಿನ, ಮನೆಯ ರೂಢಿ ತಿಳಿಯೋಕೆ 3 ವಾರ, ಇದು ನನ್ನ ಮನೆ ಅನ್ನಿಸೋಕೆ 3 ತಿಂಗಳು. ಎಲ್ಲ ನಾಯಿಗೂ ಇದು ಹೊಂದುವುದಿಲ್ಲ, ಆದರೆ ಆತುರ ಮಾಡಬಾರದು ಅನ್ನೋದಂತೂ ನಿಜ. ಒಂದು ರಾತ್ರಿ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆ ಸದ್ದಿಗೋ ವಾಸನೆಗೋ ಕಂದಿ ಅಡುಗೆಮನೆ ಬಾಗಿಲಿಗೆ ಬಂದಳು. ಒಂದು ತುಂಡು ನೆಲದ ಮೇಲಿಟ್ಟು ಸುಮ್ನೆ ಆ ಕಡೆ ತಿರುಗಿಕೊಂಡೆ. ತಿಂದಳು.

ಜುಲೈ ಕೊನೆಗೆ ಒಂದು ಕುಟುಂಬ ಅವಳನ್ನು ನೋಡಲು ಬಂತು. ಗಂಡ, ಹೆಂಡತಿ, ಏಳು ವರ್ಷದ ಮಗಳು. ಇಂಥ ನಾಯಿಗಳಿಗೆ ಮನೆ ಹುಡುಕಿಕೊಡುವ ಸಂಸ್ಥೆಯವರು ಮೊದಲೇ ಅವರ ಮನೆ ನೋಡಿ ಬಂದಿದ್ದರು. ಬೇಲಿ ಎಷ್ಟು ಎತ್ತರ ಇದೆ, ಗೇಟು ಭದ್ರ ಇದೆಯಾ, ನಾಯಿ ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿರಬೇಕಾಗುತ್ತೆ, ಎಲ್ಲ ವಿಚಾರಿಸಿದ್ದರು. ಮೊದಲ ಭೇಟಿಯನ್ನು ನಾವು ಮನೆಯೊಳಗೆ ಮಾಡುವುದಿಲ್ಲ. ಪಾರ್ಕಿನಲ್ಲಿ ಸೇರಿ ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತೇವೆ. ಎದುರಿಗೆ ನಿಂತರೆ ನಾಯಿಗೆ ಅಂಜಿಕೆ ಆಗುತ್ತದೆ. ಹಗ್ಗ ಸಡಿಲ ಇರಬೇಕು. ಮೇಲಿಂದ ಬಗ್ಗಿ ತಲೆ ಸವರಬಾರದು. ದಿಟ್ಟಿಸಿ ನೋಡಬಾರದು. ನಾಯಿ ನಿದ್ದೆ ಬರದಿದ್ದರೂ ಆಕಳಿಸಿದರೆ, ಮತ್ತೆ ಮತ್ತೆ ತುಟಿ ನೆಕ್ಕಿಕೊಂಡರೆ, ಅದಕ್ಕೆ ಇನ್ನೂ ಧೈರ್ಯ ಬಂದಿಲ್ಲ ಅಂತ ತಿಳಿಯಬೇಕು. ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡು ಹುಲ್ಲಿನ ಮೇಲೆ ಓರೆಯಾಗಿ ಕೂತಳು. ಅಪ್ಪನಿಗಿಂತ ಅವಳಿಗೇ ತಾಳ್ಮೆ ಜಾಸ್ತಿ. ಕಂದಿ ಒಂದು ಸುತ್ತು ಹಾಕಿ ಬಂದು ಅವಳ ಶೂ ಮೂಸಿದಳು.

ಆಮೇಲೆ ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗ ಆ ಹುಡುಗಿಗೆ ಫೋನಿನಲ್ಲಿ ಬಳ್ಳಾರಿಯ ನಮ್ಮ ಓಣಿಯ ಫೋಟೋ ತೋರಿಸಿದೆ. ಕಟ್ಟೆ ಮೇಲೆ ಅವ್ವ, ಕೆಳಗೆ ಕಂದಿಯಂಥದ್ದೇ ಒಂದು ನಾಯಿ.

"ಇದು ಯಾರ ನಾಯಿ?" ಅಂದಳು.

"ಓಣಿಯದು. ಎಲ್ಲರೂ ಊಟ ಹಾಕುತ್ತಾರೆ" ಅಂದೆ, ಹೆಮ್ಮೆಯಿಂದಲೇ.

"ಹುಷಾರು ತಪ್ಪಿದರೆ ಡಾಕ್ಟರ್ ಹತ್ತಿರ ಯಾರು ಕರೆದುಕೊಂಡು ಹೋಗುತ್ತಾರೆ?"

ಚುಚ್ಚಬೇಕು ಅಂತ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಯಾರೂ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ಹೆಮ್ಮೆ ಸುಳ್ಳಲ್ಲ. ನಮ್ಮ ಮನೆದೇವರು ಮೈಲಾರಲಿಂಗ. ರವಿವಾರ ಹಂಚಿನಿಂದ ಇಳಿದ ಮೊದಲ ರೊಟ್ಟಿ ನಮ್ಮಲ್ಲಿ ನಾಯಿಗೇ. ಮೈಲಾರದಲ್ಲಿ ಕಂಬಳಿ ತೊಟ್ಟ ಗೊರವಪ್ಪಗಳು, ಅಂದರೆ ಆ ದೇವರ ಭಕ್ತರು, ನಾಯಿಯಂತೆ ಬೊಗಳುತ್ತಾ, ದೋಣಿ ಅನ್ನೋ ಬಟ್ಟಲಲ್ಲಿಟ್ಟ ಹಾಲು ಬಾಳೆಹಣ್ಣಿಗೆ ಬಾಯಿ ಹಾಕಿ ತಿನ್ನುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ದೇವರ ಮುಂದೆ ನಾಯಿಯಾಗಿ ನಿಲ್ಲಲು ನಾಚದ ಜನ ನಾವು. ಆದರೆ ಅದೇ ಓಣಿಯಲ್ಲಿ ಲಾರಿ ತಾಗಿ ಸೊಂಟ ಮುರಿದ ನಾಯಿಯೊಂದು ಗಟಾರದ ಪಕ್ಕ ಬಿದ್ದಿದ್ದದ್ದೂ ನೆನಪಿದೆ. ಎಲ್ಲರೂ ಪಾಪ ಅಂದರು. ಯಾರೋ ನೀರಿಟ್ಟರು. ಎತ್ತಿಕೊಂಡು ಹೋಗಲು ಯಾರೂ ಮುಂದೆ ಬರಲಿಲ್ಲ.

ಹಾಗಂತ ಇಂಗ್ಲೆಂಡಿನ ಜನಕ್ಕೆ ಪ್ರೀತಿ ಜಾಸ್ತಿ ಅಂತ ನಾನು ಒಪ್ಪುವುದಿಲ್ಲ. ಆದರೆ ಇಲ್ಲಿ ಪ್ರತಿ ನಾಯಿಗೂ ಯಾರದೋ ಒಂದು ಹೆಸರು ಅಂಟಿಕೊಂಡಿರುತ್ತದೆ. ಇಂಗ್ಲೆಂಡಿನಲ್ಲಿ 2016ರಿಂದ ಸಾಕುನಾಯಿಗೆ ಮೈಕ್ರೋಚಿಪ್ ಕಡ್ಡಾಯ. ಕುತ್ತಿಗೆಯ ಚರ್ಮದಡಿ ಕೂರಿಸುವ ಆ ಚಿಪ್ಪಿನ ನಂಬರಿಗೆ ಸಾಕುವವರ ಹೆಸರು, ವಿಳಾಸ ಸೇರಿರುತ್ತದೆ. ಎರಡನೇ ಭೇಟಿಯೂ ಚೆನ್ನಾಗಿ ಆಗಿ, ಆ ದಂಪತಿ ಕಂದಿಯನ್ನು ಒಯ್ಯುವಾಗ ಕರಾರಿಗೆ ಸಹಿ ಹಾಕಿದರು. ಮುಂದೆ ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡುವಂತಿಲ್ಲ, ಸಂಸ್ಥೆಗೇ ವಾಪಸ್ ತರಬೇಕು. ಅವಳು ಹೋದ ಮೇಲೆ ಮನೆ ಬಿಕೋ ಅಂದಿತು.

ಅದೇ ಹೊತ್ತಿಗೆ ಭಾರತದಿಂದ ಸುದ್ದಿ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿನಲ್ಲಿಡಿ ಅಂದಿತು. 22ರಂದು ಅದನ್ನು ಬದಲಿಸಿ, ಮರಿ ಆಗದಂತೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಅಂದಿತು. ರೇಬಿಸ್ ಇರುವಂಥವು, ಮೈಮೇಲೆ ಏರಿ ಬರುವಂಥವನ್ನು ಮಾತ್ರ ಬಿಡಬೇಡಿ ಅಂದಿತ್ತು. ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳ. ಎಲ್ಲ ಕೊಂದುಹಾಕಿ ಅಂತ ಒಬ್ಬರು, ಒಂದನ್ನೂ ಮುಟ್ಟಬೇಡಿ ಅಂತ ಇನ್ನೊಬ್ಬರು. ಮಗುವಿಗೆ ನಾಯಿ ಕಚ್ಚಿದ ತಾಯಿಯ ಸಿಟ್ಟು ನನಗೆ ಅರ್ಥವಾಗುತ್ತದೆ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಹಾಗಂತ ಕೊಲ್ಲುವುದರಿಂದ ರೇಬಿಸ್ ಹೋಗುವುದಿಲ್ಲ. ಖಾಲಿಯಾದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ. ಒಂದು ಊರಿನ ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ಅದು ಹರಡುವುದನ್ನು ತಡೆಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಈ ಕೆಲಸ ಸ್ಥಳೀಯ ಸಂಸ್ಥೆಗಳದ್ದು. ಅವರು ಮಾಡಲೇಬೇಕು, ನಾವು ಕೇಳಲೇಬೇಕು.

ನಾಯಿ ಸಾಕುವ ಆಸೆ ಇರುವವರಿಗೂ ಒಂದು ಮಾತು. ದುಡ್ಡು ಕೊಟ್ಟು ಹಸ್ಕಿ ತರಬೇಡಿ. ಹಿಮದಲ್ಲಿ ಓಡಲು ಹುಟ್ಟಿದ ಜೀವಕ್ಕೆ ಬಳ್ಳಾರಿಯ ಏಪ್ರಿಲ್ ಬಿಸಿಲು ಹಿಂಸೆ. ಆ ಬಿಸಿಲಲ್ಲೇ ಹುಟ್ಟಿದ ಮರಿ ನಿಮ್ಮ ಮನೆ ಮುಂದೆಯೇ ಇರುತ್ತದಲ್ವಾ?

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಆಗ ಓಣಿಯ ಹುಡುಗರು ಗಣಪತಿ ಕೂಡಿಸಲು ಚಂದಾ ಎತ್ತುತ್ತಿದ್ದರು. ಅದರಲ್ಲೇ ಸ್ವಲ್ಪ ತೆಗೆದಿಟ್ಟು ನಾಯಿಗಳಿಗೆ ರೇಬಿಸ್ ಲಸಿಕೆ ಹಾಕಿಸೋಣ, ನನ್ನ ಪಾಲು ಕಳಿಸುತ್ತೇನೆ ಅಂದೆ. ದುಡ್ಡಿಗೆ ಹುಡುಗರು ಒಪ್ಪಿದರಂತೆ. ಒಂದೊಂದು ನಾಯಿಗೆ ಒಂದೊಂದು ಮನೆಯ ಹೆಸರು ಬರೆಯಬೇಕು ಅಂದಾಗ ಮಾತ್ರ ಹಿಂದೆ ಮುಂದೆ ನೋಡಿದರಂತೆ. ಫೋಟೋದಲ್ಲಿದ್ದ ನಾಯಿಯ ಮುಂದೆ ಅವ್ವ ತನ್ನ ಹೆಸರು ಬರೆಸಿದ್ದಾಳೆ. "ಇಂಜೆಕ್ಷನ್ನಿಗೆ ಇವನ್ನ ಹಿಡಿಯೋರು ಯಾರಬೇ?" ಅಂತ ಅಣ್ಣ ಕೇಳಿದ್ದಕ್ಕೆ, "ಹಿಡಿಯಾದೇನೈತಿ? ನಾ ಕರದ್ರ ಬರ್ತಾವ" ಅಂದಳಂತೆ. ಉಳಿದ ನಾಯಿಗಳ ಮುಂದೆ ಜಾಗ ಇನ್ನೂ ಖಾಲಿ ಇದೆ. ದೀಪಾವಳಿಗೆ ಊರಿಗೆ ಬರುತ್ತಿದ್ದೇನೆ. ಮನೆಮನೆಗೆ ಹೋಗಿ ಕೇಳುತ್ತೇನೆ.