ಸೀತಾ ಅಲ್ಲಿ ಸಣ್ಣ ಕಾಯಿ ಮಾರ್ತಾಳೆ

ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ಆಗಲ್ಲ ಅನ್ನೋಣ ಅಂತಿದ್ದೆ. ಆಡಿಟ್ ಸಮಯ, ಫ್ಯಾಕ್ಟರಿಯಲ್ಲಿ ತಲೆ ಎತ್ತೋಕೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಆ ಕಡೆಯಿಂದ, "ಸರ್, ಕೆಮಿಸ್ಟ್ರಿ ಮೇಷ್ಟ್ರು ಹೋದರು, ಗೊತ್ತಾಯ್ತಲ್ವಾ?" ಅಂದರು. ಗೊತ್ತಾಗಿತ್ತು. ಆಷಾಢದಲ್ಲೇ ಗೊತ್ತಾಗಿತ್ತು. ನಮ್ಮ ಬ್ಯಾಚಿನ ಹನ್ನೊಂದು ಜನ ಹೋದ ತಿಂಗಳು ನುಡಿನಮನಕ್ಕೆ ಭದ್ರಾವತಿಗೆ ಬಂದೂ ಹೋದೆವು. ಮೈಕಿನ ಮುಂದೆ ನಿಂತು ನಾನು ಹೇಳಿದ್ದು ನಾಲ್ಕೇ ಮಾತು. ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು. ಆ ಬಾಕಿ ಇಲ್ಲಿ ತೀರಿಸುತ್ತೇನೆ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ಹೆಸರು ಬರೋದು ಅವರಿಗೆ ಆಗುತ್ತಿರಲಿಲ್ಲ. ಹೇಗೂ ಈ ಊರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಅಂದರೆ ಸಾಕು.

ನಾನು ಪಿಯುಸಿಗೆ ಸೇರಿದ್ದು 1987ರಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಹತ್ತನೇ ಕ್ಲಾಸಿನವರೆಗೆ ಪೂರ್ತಿ ಕನ್ನಡ. ಆಮ್ಲಜನಕ, ಜಲಜನಕ, ಸಾರಜನಕ ಅಂತ ಕಲಿತು ಬಂದವನಿಗೆ ಮೊದಲ ದಿನವೇ ಎಲ್ಲಾ ಇಂಗ್ಲಿಷ್. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನು ಗಂಧಕಾಮ್ಲಕ್ಕೂ ಸಲ್ಫ್ಯೂರಿಕ್ ಆಸಿಡ್‌ಗೂ ಏನು ವ್ಯತ್ಯಾಸ ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ. ಎರಡೂ ಒಂದೇ ಅಂತ ಗೊತ್ತಾದ ದಿನ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಗ್ಲಿಷಿಗೇ ಹೆದರಿ ಕಾಮರ್ಸ್‌ಗೆ ಹಾರಿದವರು, ಕಾಲೇಜೇ ಬಿಟ್ಟವರು ಇದ್ದರು. ಆ ಕಾಲ ಚಿನ್ನದಂಥಾ ಕಾಲ ಅನ್ನೋರು ಅವರನ್ನೂ ಒಂದು ಮಾತು ಕೇಳಬೇಕು.

ಮೇಷ್ಟ್ರು ಉಳಿಸಿಕೊಂಡದ್ದು ನನ್ನಂಥವರನ್ನು. ತೋಳು ಮಡಚದ ಬಿಳಿ ಅಂಗಿ, ಆಸಿಡ್ ಬಿದ್ದು ಹೊಟ್ಟೆಯ ಹತ್ತಿರ ಮೂರು ತೂತು. ಜೇಬಿನಲ್ಲಿ ಸದಾ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳು. ಸೋಪಿನ ನೀರು ತಾಗಿಸಿದರೆ ಕೆಂಪು, ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. "ಆರತಿ ನೀರಿಗೆ ನಿಮ್ಮಜ್ಜಿ ಸುಣ್ಣ ಹಾಕ್ತಾರಲ್ಲ, ಅವರಿಗೆ ಇಂಡಿಕೇಟರ್ ಅನ್ನೋ ಪದ ಗೊತ್ತಿಲ್ಲ ಅಷ್ಟೇ" ಅನ್ನುತ್ತಿದ್ದರು. ಕಬ್ಬಿಣ ತೆಗೆಯುವ ಪಾಠ ಬಂದಾಗ ಪುಸ್ತಕ ತೆರೆಯಲೇ ಇಲ್ಲ. ಕಾಲೇಜಿನ ತಾರಸಿ ಮೇಲೆ ಕರೆದುಕೊಂಡು ಹೋಗಿ ಕಾರ್ಖಾನೆಯ ಚಿಮಣಿಗಳನ್ನು ತೋರಿಸಿದರು. 1923ರಲ್ಲಿ ಇಲ್ಲಿ ಕೆಲಸ ಶುರುವಾದಾಗ ಕುಲುಮೆಗೆ ಹಾಕುತ್ತಿದ್ದದ್ದು ಕಲ್ಲಿದ್ದಲಿನ ಕೋಕ್ ಅಲ್ಲ, ನಮ್ಮ ಮಲೆನಾಡಿನ ಮರದ ಇದ್ದಿಲು. ಆ ಮರವನ್ನು ಗಾಳಿ ಇಲ್ಲದೆ ಸುಡುವಾಗ ಬಂದ ಹೊಗೆಯನ್ನೂ ಬಿಡದೆ ತಣಿಸಿ ಅಸಿಟಿಕ್ ಆಮ್ಲ, ಮೆಥನಾಲ್ ಮಾಡುತ್ತಿದ್ದರು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. "ಮಣ್ಣು ಯಾಕೆ ಕೆಂಪು?" ಅಂತ ಕೇಳಿ ನನ್ನ ಕಡೆ ನೋಡಿದರು. ಕಬ್ಬಿಣದ ಆಕ್ಸೈಡ್ ಅಂತ ನಾನು ಹೇಳಿದೆ. ಕ್ಲಾಸಿನಲ್ಲಿ ನಾನು ಕೊಟ್ಟ ಮೊದಲ ಸರಿ ಉತ್ತರ ಅದು. ಮೆಥನಾಲ್‌ಗೆ ವುಡ್ ಸ್ಪಿರಿಟ್ ಅನ್ನೋ ಇನ್ನೊಂದು ಹೆಸರು ಯಾಕೆ ಅಂತ ಮಾರ್ಚಿನಲ್ಲಿ ನಾವ್ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಎರಡನೇ ಪಿಯುಸಿಯ ದಸರಾ ರಜೆ ಮುಗಿಯುತ್ತಿದ್ದಂತೆ ಅವರು ಓದಿಸುವ ರೀತಿ ಬೇರೆ ಆಯಿತು. ಕಾಗದದ ಮಿಲ್ ಇದ್ದ ಪೇಪರ್ ಟೌನ್ ಕಡೆಯ ಅಂಗಡಿಯಲ್ಲಿ ಅಂಚು ಕತ್ತರಿಸಿದ ಹಾಳೆ ಕೆಜಿ ಲೆಕ್ಕದಲ್ಲಿ ಸಿಗುತ್ತಿತ್ತು. ಅದನ್ನು ತರಲು ಹೇಳಿದರು. ಪಾಠ ಓದಿ, ಪುಸ್ತಕ ಮುಚ್ಚಿ ಪಕ್ಕದ ಕೋಣೆಯಲ್ಲಿ ಇಟ್ಟು ಬರಬೇಕು. ಆಮೇಲೆ ಆ ಹಾಳೆಯಲ್ಲಿ ನೆನಪಿರುವುದನ್ನೆಲ್ಲ ನೀಲಿ ಶಾಯಿಯಲ್ಲಿ ಬರೆಯಬೇಕು. ಮತ್ತೆ ಪುಸ್ತಕ ತಂದು, ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ತುಂಬಬೇಕು. "ಪುಸ್ತಕ ತೆರೆದಿದ್ದಾಗ ಎಲ್ಲಾ ಗೊತ್ತಿದೆ ಅನ್ಸುತ್ತೆ ಕಣ್ರೋ. ಅದು ಪುಸ್ತಕಕ್ಕೆ ಗೊತ್ತಿರೋದು, ನಿಮಗಲ್ಲ."

ಅಮೋನಿಯಾ ತಯಾರಿಕೆಯನ್ನು ನಾನು ನಾಲ್ಕು ಸಲ ಓದಿದ್ದೆ. ಬಂದೇ ಬರುತ್ತೆ ಅನ್ನೋ ಧೈರ್ಯ. ಹಾಳೆ ಮುಂದಿಟ್ಟುಕೊಂಡರೆ ಹೇಬರ್ ಅಂತ ಹೆಸರು ಬಂತು, ಸಾರಜನಕ, ಜಲಜನಕ ಬಂತು, ಪೆನ್ನು ಅಲ್ಲೇ ನಿಂತಿತು. ಎಷ್ಟು ಉಷ್ಣತೆ? ಎಷ್ಟು ಒತ್ತಡ? ಅರ್ಧ ಗಂಟೆ ಕೂತರೂ ಒಂದು ಸಾಲು ಮುಂದೆ ಹೋಗಲಿಲ್ಲ. ಆ ಹಾಳೆ ಕೆಂಪಾಗಿದ್ದು ನೋಡಬೇಕಿತ್ತು: 450ರಿಂದ 500 ಡಿಗ್ರಿ, 200 ಅಟ್ಮಾಸ್ಫಿಯರ್, ಕ್ರಿಯೆಗೆ ವೇಗ ಕೊಡೋ ಕ್ಯಾಟಲಿಸ್ಟಾಗಿ ಕಬ್ಬಿಣ, ಜೊತೆಗೆ ಮಾಲಿಬ್ಡಿನಂ. ಮರುದಿನ ಮೇಷ್ಟ್ರಿಗೆ ತೋರಿಸಿದೆ. ಬಯ್ಯಲಿಲ್ಲ. ಈ ಕ್ರಿಯೆಯಲ್ಲಿ ಬಿಸಿ ತಾನಾಗಿಯೇ ಬರುತ್ತೆ, ಹಾಗಿದ್ದ ಮೇಲೆ ತಣ್ಣಗೆ ಇಟ್ಟರೆ ತಾನೇ ಅಮೋನಿಯಾ ಜಾಸ್ತಿ ಬರೋದು, ಮತ್ತೆ ಯಾಕೆ ಅಷ್ಟು ಕಾಯಿಸ್ತಾರೆ ಅಂತ ಕೇಳಿದರು. ನಾನು ಸುಮ್ಮನಿದ್ದೆ. "ತಣ್ಣಗೆ ಇಟ್ರೆ ಜಾಸ್ತಿ ಬರುತ್ತೆ, ನಿಜ. ಆದ್ರೆ ನಿನ್ನ ಮೊಮ್ಮಗ ಬಂದು ತಗೊಂಡು ಹೋಗಬೇಕು." ಅಷ್ಟು ನಿಧಾನ ಅಂತ. ಬಿಸಿ, ಒತ್ತಡ ಬದಲಾದರೆ ಕ್ರಿಯೆ ಯಾವ ಕಡೆ ವಾಲುತ್ತೆ ಅಂತ ಹೇಳುವ ಲ ಶಾಟೆಲಿಯೆ ನಿಯಮ ಅಂದರೆ ಇಷ್ಟು ವರ್ಷವಾದರೂ ನನಗೆ ಇನ್ನೂ ಹುಟ್ಟದ ಆ ಮೊಮ್ಮಗನೇ ಕಣ್ಣಿಗೆ ಬರೋದು.

ಅದೇ ಪಾಠದ ಹಾಳೆಯನ್ನು ಮೂರು ದಿನ ಬಿಟ್ಟು ಮತ್ತೆ ಬರೆಯಬೇಕು, ಆಮೇಲೆ ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು. ಪ್ರತಿ ಸಲ ಕೆಂಪು ಎಷ್ಟು ಕಮ್ಮಿಯಾಯಿತು ಅಂತ ನೋಡುತ್ತಿದ್ದರು. ಅಂಕ ಕೊಡುತ್ತಿರಲಿಲ್ಲ. ಬೆಂಜೀನ್ ಪಾಠದಲ್ಲಿ ಮಾತ್ರ ನನ್ನ ಕೆಂಪು ಕೊನೆಯವರೆಗೂ ಕಮ್ಮಿಯಾಗಲಿಲ್ಲ, ಬಿಡಿ.

ಸಾಲ್ಟ್ ಅನಾಲಿಸಿಸ್ ಇನ್ನೊಂದು ಲೋಕ. ಕೊಟ್ಟ ಬಿಳಿ ಪುಡಿಯಲ್ಲಿ ಯಾವ ಲೋಹ ಇದೆ ಅಂತ ಗುಂಪು ಗುಂಪಾಗಿ ಹುಡುಕುತ್ತಾ ಹೋಗಬೇಕು. ಮೊದಲ ಗುಂಪು ಸೀಸ, ಎರಡು ತಾಮ್ರ, ಮೂರು ಅಲ್ಯೂಮಿನಿಯಂ, ನಾಲ್ಕು ಸತು, ಐದು ಕ್ಯಾಲ್ಸಿಯಂ, ಆರು ಮೆಗ್ನೀಷಿಯಂ. ಒಂದೊಂದು ಗುಂಪಿನಲ್ಲಿ ಇನ್ನೂ ಒಂದೆರಡು ಇರುತ್ತಿದ್ದವು, ಆದರೆ ತಲೆಯಾಳು ಗೊತ್ತಿದ್ದರೆ ಉಳಿದವರು ಹಿಂದೆ ಬರುತ್ತಾರೆ. ಈ ಸಾಲು ಎಲ್ಲರಿಗೂ ತಪ್ಪುತ್ತಿತ್ತು. ಒಂದು ಸಂಜೆ ಹೊಳೆ ದಂಡೆಯಲ್ಲಿ ಕೂತು ನಾನು ಕಟ್ಟಿದ್ದು: ಸೀತಾ ಅಲ್ಲಿ ಸಣ್ಣ ಕಾಯಿ ಮಾರ್ತಾಳೆ. ಸೀ, ತಾ, ಅಲ್, ಸ, ಕಾ, ಮಾ. ಕ್ಯಾ ಹೋಗಿ ಕಾ, ಮೆ ಹೋಗಿ ಮಾ ಆಗಿದೆ, ಅಷ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ನಂತರದ ಬ್ಯಾಚುಗಳಲ್ಲೂ ಹುಡುಗರು ಇದನ್ನೇ ಹೇಳುತ್ತಿದ್ದರಂತೆ. ನುಡಿನಮನದ ದಿನ ಒಬ್ಬ ಗೆಳೆಯ, ಈಗ ದೊಡ್ಡ ಡಾಕ್ಟರು, ಅದನ್ನು ಕಟ್ಟಿದ್ದು ತಾನು ಅಂತ ಎಲ್ಲರೆದುರು ಹೇಳಿಕೊಂಡ. ಇಲ್ಲಿ ಅಚ್ಚಾಗಲಿ ಅಂತಲೇ ಬರೆಯುತ್ತಿದ್ದೇನೆ: ಕಟ್ಟಿದ್ದು ನಾನು.

ಪುಡಿಗಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಸೀಸದ್ದು. ಅದರ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಕಡು ಹಳದಿ. ಅದನ್ನು ನೀರಿನಲ್ಲಿ ಕಾಯಿಸಿದರೆ ಹಳದಿ ಕರಗಿ ನೀರು ತಿಳಿಯಾಗುತ್ತದೆ. ಟೆಸ್ಟ್ ಟ್ಯೂಬನ್ನು ನಲ್ಲಿಯ ಕೆಳಗೆ ಹಿಡಿದು ತಣಿಸಿದರೆ ಚಿನ್ನದ ರೇಕು ಚೂರು ಮಾಡಿ ಉದುರಿಸಿದ ಹಾಗೆ ಮಿಣಮಿಣ ಅಂತ ಕೆಳಗಿಳಿಯುತ್ತದೆ. ಮೊದಲ ಸಲ ನೋಡಿದಾಗ ಉತ್ತರ ಬರೆಯುವುದು ಬಿಟ್ಟು ಮೂರು ಸಲ ಕಾಯಿಸಿ ತಣಿಸಿದ್ದೆ. ಮೇಷ್ಟ್ರು ಹಿಂದೆ ನಿಂತು ನೋಡಿ, ಏನೂ ಹೇಳದೆ ಮುಂದೆ ಹೋದರು.

ಲ್ಯಾಬಿನ ಇನ್ನೊಬ್ಬ ಯಜಮಾನ ಅಟೆಂಡರ್. ನಮಗಿಂತ ಹತ್ತು ವರ್ಷ ದೊಡ್ಡವನು, ಎಲ್ಲರಿಗೂ ಅಣ್ಣ. ಓದಿದ್ದು ಏಳನೇ ಕ್ಲಾಸು, ಆದರೆ ಬಾಟಲಿಯಿಂದ ಪುಡಿ ಬೀಳುವ ರೀತಿ ನೋಡಿಯೇ ಯಾವ ಸಾಲ್ಟ್ ಅಂತ ಹೇಳುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗ ಅವನಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ಮೂಗು ಮುಟ್ಟಿದರೆ ಅಮೋನಿಯಂ, ಕಿವಿ ಮುಟ್ಟಿದರೆ ತಾಮ್ರ ಅಂತ ಸನ್ನೆ ಮಾತಾಡಿಕೊಂಡಿದ್ದೆವು. ಪರೀಕ್ಷೆಯ ದಿನ ಅವನಿಗೆ ನೆಗಡಿ. ಮೂಗು ಮುಟ್ಟಿ ಮುಟ್ಟಿ ಇಡೀ ಬ್ಯಾಚಿಗೆ ಅಮೋನಿಯಂ ಸಾಲ್ಟ್ ಹಂಚಿದ.

ಇನ್ನು ಕಿಪ್ಸ್ ಅಪರೇಟಸ್. ಒಂದರ ಮೇಲೊಂದು ಮೂರು ಗಾಜಿನ ಗುಂಡುಗಳು. ನಡುವಿನದರಲ್ಲಿ ಐರನ್ ಸಲ್ಫೈಡಿನ ಕಪ್ಪು ತುಂಡುಗಳು, ಮೇಲಿನಿಂದ ಆಸಿಡ್. ಕಾಕ್ ತಿರುಗಿಸಿದರೆ ಆಸಿಡ್ ಏರಿ ತುಂಡುಗಳನ್ನು ಮುಟ್ಟುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಬರುತ್ತದೆ. ಕಾಕ್ ಮುಚ್ಚಿದರೆ ಆ ಗ್ಯಾಸೇ ಆಸಿಡನ್ನು ಕೆಳಗೆ ತಳ್ಳಿ ತಾನೇ ನಿಲ್ಲುತ್ತದೆ. 1989ರ ಜನವರಿ, ಮಧ್ಯಾಹ್ನ ಫಿಸಿಕ್ಸ್ ಟೆಸ್ಟ್. ನಮ್ಮ ನಾಲ್ವರಲ್ಲಿ ಯಾರೂ ಓದಿರಲಿಲ್ಲ. ಊಟದ ಹೊತ್ತಿಗೆ ಲ್ಯಾಬಿಗೆ ನುಗ್ಗಿ ಕಾಕ್ ಪೂರ್ತಿ ತಿರುಗಿಸಿ ಬಂದೆವು. ತಿರುಗಿಸಿದ ಕೈ ನನ್ನದು. ಅದೆಷ್ಟು ಅಪಾಯದ ಗ್ಯಾಸ್ ಅಂತ ಈಗ ಕಾರ್ಖಾನೆಯಲ್ಲಿ ಹುಡುಗರಿಗೆ ಸೇಫ್ಟಿ ಪಾಠ ಮಾಡುವಾಗ ಮೈ ಜುಮ್ಮೆನ್ನುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಅಲ್ಲಿಗೆ ಮುಗಿಯಿತು. ಪುಣ್ಯಕ್ಕೆ ಲ್ಯಾಬಿನ ಅರ್ಧ ಕಿಟಕಿಗಳಿಗೆ ಗಾಜೇ ಇರಲಿಲ್ಲ.

ಎರಡು ಗಂಟೆಗೆ ಕಾರಿಡಾರಿನಲ್ಲಿ ಎಲ್ಲರೂ ಕರ್ಚೀಫು ಮೂಗಿಗೆ. ಪ್ರಿನ್ಸಿಪಾಲರು ಹೊರಗೆ ಬಂದು ಒಮ್ಮೆ ಉಸಿರೆಳೆದು, "ಇವತ್ತು ಗಾಳಿ ಮಿಲ್ ಕಡೆಯಿಂದ ಬೀಸ್ತಿದೆ" ಅಂದು ಒಳಗೆ ಹೋದರು. ಕಾಗದದ ಊರಿನವರು ನಾವು, ಆ ವಾಸನೆ ನಮಗೆ ನೆಂಟ ಇದ್ದ ಹಾಗೆ. ಮೇಷ್ಟ್ರೂ ಅಲ್ಲೇ ಇದ್ದರು. "ಹೌದು ಸರ್, ಗಾಳಿ" ಅಂದರು. ಟೆಸ್ಟ್ ನಡೆಯಿತು. ನಾನು ಉತ್ತರ ಪತ್ರಿಕೆ ಕೊಟ್ಟು ಹೊರಗೆ ಬರುವಾಗ ಅವರು ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ. ನನ್ನ ಬಲಗೈ ಎತ್ತಿ ಬೆಳಕಿಗೆ ಹಿಡಿದರು. ಅಜ್ಜಿ ಮಾಡಿಸಿಕೊಟ್ಟ ಬೆಳ್ಳಿ ಉಂಗುರ ಬೆಳಿಗ್ಗೆ ಹೊಳೆಯುತ್ತಿತ್ತು. ಈಗ ಬಾಣಲೆಯ ತಳದ ಹಾಗೆ ಕಪ್ಪು.

"ಏನಾಯ್ತು ಬೆಳ್ಳಿಗೆ?"

"ಸಿಲ್ವರ್ ಸಲ್ಫೈಡ್ ಸರ್."

"ಗಾಳಿಗೆ ಅಷ್ಟು ಬೇಗ ಆಗುತ್ತೇನೋ?"

ನನಗೆ ಮಾತೇ ಹೊರಡಲಿಲ್ಲ. ಮರುದಿನ ಅಲ್ಯೂಮಿನಿಯಂ ಪಾತ್ರೆ, ಅಡುಗೆ ಸೋಡಾ ತಂದು ಅವರ ಮೇಜಿನ ಮೇಲೆ ಬಿಸಿನೀರಿನಲ್ಲಿ ಉಂಗುರ ಪಾತ್ರೆಯ ತಳಕ್ಕೆ ತಾಗುವ ಹಾಗೆ ಇಡಿಸಿದರು. ಐದು ನಿಮಿಷದಲ್ಲಿ ಬೆಳ್ಳಿ ಬೆಳ್ಳಿಯಾಯಿತು, ಮೂಗಿಗೆ ಸ್ವಲ್ಪ ಅದೇ ವಾಸನೆ ಬಂತು. ಯಾಕೆ ಅಂತ ಒಂದು ಹಾಳೆ ಬರೆದುಕೊಂಡು ಬಾ ಅಂದರು, ಪುಸ್ತಕ ಮುಚ್ಚಿ. ಅದೇ ಶಿಕ್ಷೆ. ಉಳಿದ ಮೂವರ ಹೆಸರು ಕೇಳಲೇ ಇಲ್ಲ. ಆ ಮೂವರಲ್ಲಿ ಒಬ್ಬನೇ ಈಗಿನ ಆ ಡಾಕ್ಟರು.

ಕೆಮಿಸ್ಟ್ರಿಯಲ್ಲಿ ನನಗೆ 94 ಬಂತು. ಕಾಲೇಜಿಗೆ ಎರಡನೆಯವನು. ಪ್ರಾಕ್ಟಿಕಲ್‌ನಲ್ಲಿ ನೈಟ್ರೇಟ್ ಇದ್ದರೆ ಮೂಡುವ ಕಂದು ಉಂಗುರ, ಬ್ರೌನ್ ರಿಂಗ್, ಬಂದ ಖುಷಿಗೆ ಟ್ಯೂಬ್ ಅಲ್ಲಾಡಿಸಿ, ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ನೋಡುವ ಹೊತ್ತಿಗೆ ಉಂಗುರವೇ ಇರಲಿಲ್ಲ. ಇಲ್ಲದಿದ್ದರೆ ಮೊದಲನೆಯವನೇ. ಈಗ ಔಷಧ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೈಕೆಳಗೆ ಹದಿನಾಲ್ಕು ಜನ ಇದ್ದಾರೆ. ಹೇಳಿಕೊಳ್ಳಬಾರದು, ಆದರೂ ಮೇಷ್ಟ್ರಿಗೆ ಸೇರಬೇಕಾದ ಲೆಕ್ಕ ಅದು.

ನನ್ನ ಮಗಳು ಹೋದ ವರ್ಷ ನೀಟ್ ಬರೆದಳು. ಕೆಮಿಸ್ಟ್ರಿಗೆ 45 ಪ್ರಶ್ನೆ, ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಟ್. ಅವಳ ವೇಗ ನನಗೆ ಯಾವತ್ತೂ ಇರಲಿಲ್ಲ, ಒಪ್ಪುತ್ತೇನೆ. ಲೆಡ್ ಅಯೋಡೈಡ್ ಯಾವ ಬಣ್ಣ ಅಂತ ಕೇಳಿದರೆ ಮೊಬೈಲಿನಿಂದ ತಲೆ ಎತ್ತದೆ ಹಳದಿ ಅನ್ನುತ್ತಾಳೆ. ನೋಡಿದ್ದೀಯಾ ಅಂದರೆ, "ಅಪ್ಪಾ, ಅದು ಆಪ್ಷನ್ ಬಿ." ಅವಳ ಕಾಲೇಜಿನಲ್ಲಿ ಲ್ಯಾಬ್ ಇದೆ, ಎಸಿ ಕೂಡ ಇದೆ. ರೆಕಾರ್ಡ್ ಬರೆಯಲು ಎರಡು ವಾರ ಹೋಗಿದ್ದಳಂತೆ, ಅಷ್ಟೇ. ಆ ಬಿಳಿ ಹಾಳೆಯ ವಿಷಯ ಹೇಳಿದೆ. ಅದಕ್ಕೆ ಈಗ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ, ವಿಡಿಯೋ ಇವೆ ಅಂದಳು. ಇರಲಿ. ನಮಗೆ ಅಂಚು ಕತ್ತರಿಸಿದ ಹಾಳೆ ಇತ್ತು.

ನುಡಿನಮನ ಮುಗಿದ ಮೇಲೆ ಲ್ಯಾಬ್ ನೋಡೋಣ ಅಂತ ಹೋದೆವು. ಬೆಂಚುಗಳಿಗೆ ಹೊಸ ಟೈಲ್ಸ್, ಕಿಟಕಿಗಳಿಗೆ ಗಾಜು. ಬೀರುವಿನ ಮೇಲೆ ಧೂಳು ಹಿಡಿದು ಕಿಪ್ಸ್ ಅಪರೇಟಸ್ ಕೂತಿತ್ತು, ಒಳಗೆ ಏನೂ ಇಲ್ಲ. ನಾನು ಸ್ಟೂಲ್ ಎಳೆದು ಹತ್ತಿ ಕಾಕ್ ತಿರುಗುತ್ತದಾ ಅಂತ ಕೈ ಚಾಚಿದೆ.

"ಇಳೀರಿ ಕೆಳಗೆ. ಆ ಕೈ ನಂಗೊತ್ತು" ಅಂತ ಹಿಂದಿನಿಂದ ದನಿ. ಅಟೆಂಡರ್ ಅಣ್ಣ. ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ, ಮೇಷ್ಟ್ರಿಗೋಸ್ಕರ ಬಂದಿದ್ದ. ಅವತ್ತೇ ಗೊತ್ತಿತ್ತಾ ಅಂತ ಕೇಳಿದೆ.

"ಗೊತ್ತಿಲ್ದೆ ಏನು? ಆವತ್ತು ರಾತ್ರಿ ಎಂಟರವರೆಗೆ ಅದನ್ನ ಬಿಚ್ಚಿ ತೊಳ್ದೋನು ನಾನು. ಮೇಷ್ಟ್ರು ಪಕ್ಕದಲ್ಲಿ ನಿಂತು ಬಕೆಟ್‌ಗೆ ನೀರು ಹಾಕ್ತಿದ್ರು. ಆ ಹುಡುಗ ನಿಂಗೆ ಟೀ ಕೊಡಿಸ್ತಾನೆ ಬಿಡಯ್ಯ ಅಂದಿದ್ರು."

ನಾನು ಕೊಡಿಸಿರಲಿಲ್ಲ. ಕ್ಯಾಂಟೀನ್ ಭಾನುವಾರ ಮುಚ್ಚಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ನಡೆದೆವು. ಅವನು ಎರಡು ಟೀ ಕುಡಿದ, ಡಾಕ್ಟರು ದುಡ್ಡು ಕೊಡಲು ಮುಂದೆ ಬಂದಾಗ ಕೈ ಅಡ್ಡ ಹಿಡಿದು ನನ್ನ ಕಡೆ ತೋರಿಸಿದ.